ನುಚ್ಚು, ಹುರಳಿ ಕಟ್ಟು ಮತ್ತು ನಾನು ಹಾಕಿದ ಪಟ್ಟಿ



ಆಗಮನ ಕಾಲದ ಮನೆ ಪ್ರಾರ್ಥನೆಗಳು ಮತ್ತೆ ಶುರುವಾಗುತ್ತಿವೆ. ಯಾರ ಮನೆಯಲ್ಲಿ ಏನು ತಿಂಡಿ, ಪಟ್ಟಿ ಎಲ್ಲಿ ಎಂದು ಗ್ರೂಪಿನಲ್ಲಿ ಈಗಾಗಲೇ ಇಬ್ಬರು ಕೇಳಿದ್ದಾರೆ. ಈ ಸಲ ಪಟ್ಟಿ ಇಲ್ಲ. ಯಾಕೆ ಇಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ತಪ್ಪು ನನ್ನದಾದ್ದರಿಂದ ಬರೆಯುವ ಪಾಳಿಯೂ ನನ್ನದೇ.

ಗುಡ್ಡಾಪುರದ ಸುತ್ತ ನಮ್ಮ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಪೂಜೆ ಮರಾಠಿಯಲ್ಲಿ, ಅದಕ್ಕೂ ದೂರ ಹೋಗಬೇಕು. ಕನ್ನಡದಲ್ಲಿ ಕೂತು ಜಪಸರ ಮಾಡುವುದು, ಹಾಡುವುದು ಎಂದರೆ ಡಿಸೆಂಬರಿನ ಈ ಸಂಜೆಗಳೇ. ಮೊದಲು ಪ್ರಾರ್ಥನೆ ಮುಗಿದ ಮೇಲೆ ಚಹಾ, ಬಿಸ್ಕೀಟು ಇರುತ್ತಿತ್ತು. ನಾನು ಯುವಜನರ ಜವಾಬ್ದಾರಿ ತಗೊಂಡ ವರ್ಷ, ಎಲ್ಲ ವ್ಯವಸ್ಥಿತವಾಗಿ ಇರಲಿ ಎಂದು ವಾಟ್ಸಾಪಿನಲ್ಲಿ ಒಂದು ಪಟ್ಟಿ ಹಾಕಿದೆ: ಇಂಥ ದಿನ, ಇಂಥ ಮನೆ, ಇಂಥ ತಿಂಡಿ. ಒಬ್ಬರು ಪಾವ್ ಭಾಜಿ ಎಂದು ಬರೆಸಿದರು. ಮರುದಿನ ಇನ್ನೊಬ್ಬರು ಜಾಮೂನು ಸೇರಿಸಿದರು. ಮೂರನೆಯವರು ಜತ್ತದಿಂದ ಕೇಕ್ ತರಿಸಿದರು. ಹುಡುಗರಿಗೆ ಖುಷಿ, ನನಗೂ ಖುಷಿ.

ಒಂದು ಮನೆಯವರು ಮಾತ್ರ ತಮ್ಮ ದಿನ ಬಂದಾಗ ಮಗುವಿಗೆ ಜ್ವರ ಎಂದರು. ಮುಂದಿನ ವರ್ಷ ಊರಿಗೆ ಹೋಗಬೇಕು ಎಂದರು. ಬರಬರುತ್ತ ಬೇರೆಯವರ ಮನೆಯ ಪ್ರಾರ್ಥನೆಗೂ ಬರುವುದನ್ನು ಬಿಟ್ಟರು. ‘ಅವರಿಗೆ ಭಕ್ತಿ ಕಡಿಮೆಯಾಗಿದೆ’ ಎಂದು ನಾನು ಅವ್ವನ ಮುಂದೆ ಹೇಳಿದ್ದೂ ಉಂಟು. ಅವ್ವ ಒಲೆ ಊದುತ್ತಿದ್ದಳು, ತಲೆ ಎತ್ತಲಿಲ್ಲ. ‘ಭಕ್ತಿ ಅಲ್ಲಪಾ, ಕೂಲಿ ಕಮ್ಮಿ ಆಗೇದ. ಇಪ್ಪತ್ತು ಮಂದಿಗೆ ಪಾವ್ ಎಲ್ಲಿಂದ ತರ್ತಾರ?’ ಅಂದಳು.

ಆ ರಾತ್ರಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆಗೆದೆ. ಒಂದೇ ಊಟಕ್ಕೆ ಕೂಡಿದವರಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ, ಇಲ್ಲದವರಿಗೆ ನೀವು ಅವಮಾನ ಮಾಡುತ್ತೀರಿ ಎಂದು ಪೌಲರು ಸಿಟ್ಟಾಗುವ ಭಾಗ ಅದು. ಅದನ್ನು ನಾನು ಯುವಜನರ ಕೂಟದಲ್ಲಿ ಒಮ್ಮೆ ಓದಿ ವಿವರಿಸಿದ್ದೆ. ನನ್ನ ಪಟ್ಟಿ ನೆನಪಾಗಿರಲಿಲ್ಲ.

ಉಪಾಯ ಅವ್ವನದು. ತಿಂಡಿ ಬೇಡ, ರಾತ್ರಿ ಊಟವೇ ಆಗಲಿ. ಎಲ್ಲರ ಮನೆಯಲ್ಲೂ ಒಂದೇ ಅಡಿಗೆ: ಜೋಳದ ನುಚ್ಚು, ಹುರಳಿ ಕಟ್ಟು. ಬರುವವರು ಒಂದೊಂದು ಬೊಗಸೆ ಕಾಳು ತರಬೇಕು, ಮನೆಯವರದು ಒಲೆ ಮತ್ತು ನೀರು ಮಾತ್ರ. ನನಗೆ ಮೊದಲು ನಾಚಿಕೆ ಆಯಿತು. ಕ್ರಿಸ್ತ ಜಯಂತಿ ಹತ್ತಿರ ಬಂದಾಗ ನುಚ್ಚೇ? ಹುಡುಗರು ನಗುವುದಿಲ್ಲವೇ?

ಆಗ ಅವ್ವ ದಾರಿ ಕಡೆ ಕೈ ತೋರಿಸಿದಳು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಸೋಲಾಪುರದ ಕಡೆಯಿಂದ ಜನ ನಡೆದು ಬರುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಆಗಮನ ಕಾಲ ಶುರುವಾಗುವ ಹೊತ್ತಿಗೇ ಹೆಚ್ಚುಕಡಿಮೆ ಅದೂ ಬರುತ್ತದೆ. ದಾರಿ ಬದಿಯ ಊರಿನವರು ಅವರಿಗೆ ರೊಟ್ಟಿ, ಪಲ್ಯ, ಅಂಬಲಿ ಕೊಡುತ್ತಾರೆ. ಕೊಡುವವರಿಗೂ ನಾಚಿಕೆಯಿಲ್ಲ, ತಿನ್ನುವವರಿಗೂ ಇಲ್ಲ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಎಂಬ ಶರಣೆಗೆ ಹಸಿದವರಿಗೆ ಉಣಿಸಿದ್ದಕ್ಕಾಗಿಯೇ ದಾನಮ್ಮ ಎಂಬ ಹೆಸರು ಬಂತು ಎಂದು ಊರಿನವರು ಹೇಳುತ್ತಾರೆ. ನಮ್ಮ ಧರ್ಮ ಬೇರೆ, ಆದರೆ ಆಕೆಯ ಊರಿನಲ್ಲಿ ಇದ್ದುಕೊಂಡು ನುಚ್ಚು ಬಡಿಸಲು ನಾಚುವುದು ತಮಾಷೆಯ ಮಾತೇ. ಹಾಗೆ ನೋಡಿದರೆ ಸಂತ ಯೊವಾನ್ನರ ಶುಭಸಂದೇಶದಲ್ಲಿ ಆ ಹುಡುಗ ತಂದ ಐದು ರೊಟ್ಟಿಗಳೂ ಜವೆಗೋಧಿಯವು, ಅಂದರೆ ಅಲ್ಲಿನ ಬಡವರ ರೊಟ್ಟಿ.

ಬಡವರ ಊಟ ಎಂದುಕೊಂಡೇ ನಾನು ಎರಡನೇ ತಪ್ಪು ಮಾಡಿದೆ. ಕಳೆದ ವರ್ಷ ಮೊದಲ ಸಂಜೆಗೆ ಆ ಮನೆಯ ಅಕ್ಕನೂ ಬಂದರು, ನಾನೇ ಹೋಗಿ ಕರೆದಿದ್ದೆ. ಸೆರಗಿನಲ್ಲಿ ತಂದದ್ದು ಅಕ್ಕಿ. ‘ಜ್ವಾಳ ಇಲ್ಲ ತಮ್ಮಾ. ರೇಷನ್ ಅಕ್ಕಿ, ಗೋದಿ ಅಷ್ಟ ನಮಗ’ ಅಂದರು. ಜೋಳ ಕಿಲೋಗೆ ಐವತ್ತು ದಾಟಿದ ಕಾಲ, ರೇಷನ್ ಪುಕ್ಕಟೆ. ಹೊಲ ಇದ್ದ ನಮಗೆ ಸಾದಾ ಊಟವಾದ ಬಿಳಿಜೋಳ, ಹೊಲ ಇಲ್ಲದ ಅವರಿಗೆ ಕೊಂಡು ತಿನ್ನುವ ಪದಾರ್ಥ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಜೋಳದ ಗುಣಗಾನವನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದವನು ನಾನು.

ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಅಕ್ಕ ತಾವೇ ಅಕ್ಕಿಯನ್ನು ಒರಳಿಗೆ ಹಾಕಿ ನುಚ್ಚಾಗಿ ಒಡೆದು ಜೋಳದ ಜೊತೆ ಬೇಯಲು ಬಿಟ್ಟರು. ಬರೀ ಜೋಳದ ನುಚ್ಚು ಆರಿದರೆ ಗಟ್ಟಿಯಾಗಿ ತುಂಡು ತುಂಡಾಗುತ್ತದೆ. ಅವತ್ತಿನದು ಕೊನೆಯ ತುತ್ತಿನವರೆಗೂ ಮೆತ್ತಗಿತ್ತು. ಈಗ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಾರೆ.

ಎಲ್ಲ ಸುಸೂತ್ರವಾಗಿ ನಡೆಯಿತು ಎನ್ನಲಾರೆ. ಇಬ್ಬರು ಹುಡುಗರು ಎರಡನೇ ವಾರಕ್ಕೆ ಕೈಕೊಟ್ಟರು. ಒಂದು ಮನೆಯವರು ನುಚ್ಚಿನ ಜೊತೆ ಸದ್ದಿಲ್ಲದೆ ಜಾಮೂನನ್ನೂ ಇಟ್ಟರು. ನಾನೂ ಎರಡು ತಿಂದೆ.

ಅಡಿಗೆಯ ವಿಷಯ ಕೇಳಿದವರಿಗೆ: ಹದಿನೈದು ಮಂದಿಗೆ ಒಂದು ಕಿಲೋ ಹುರಳಿ ಸಾಕು. ಹಿಂದಿನ ರಾತ್ರಿ ನೆನೆ ಹಾಕಿ, ಮರುದಿನ ನೀರು ಧಾರಾಳವಾಗಿ ಇಟ್ಟು ಕುದಿಸಿ. ಬಸಿದ ನೀರೇ ಕಟ್ಟು. ಅದಕ್ಕೆ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ ಅರೆದು ಹಾಕಿ, ಹುಣಸೆ, ಮಸಾಲೆ ಖಾರ, ಬೆಳ್ಳುಳ್ಳಿ ಒಗ್ಗರಣೆ. ಉಳಿದ ಕಾಳು ಬಿಸಾಡುವಂತಿಲ್ಲ, ಒಗ್ಗರಣೆ ಕೊಟ್ಟರೆ ಉಸಳಿ. ಒಂದೇ ಗಡಿಗೆಯಲ್ಲಿ ಎರಡು ಪದಾರ್ಥ. ಬಿಎಸ್ಸಿ ಓದಿದ್ದಕ್ಕೆ ಇಷ್ಟಾದರೂ ಹೇಳಬೇಕು: ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಹುರಳಿಯಲ್ಲಿ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಟ್ಟು ಕುಡಿದ ಮೇಲೆ ಕಿವಿ ಬಿಸಿಯಾಗುವುದಕ್ಕೆ ಕಾರಣ ಮಾತ್ರ ನನ್ನ ಪುಸ್ತಕದಲ್ಲಿರಲಿಲ್ಲ, ಅದು ಬಹುಶಃ ಖಾರದ್ದೇ ಕೆಲಸ.

ಇದನ್ನು ಹಾಕುವ ಮೊದಲು ಆ ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಹಾಕು. ಆದ್ರ ನುಚ್ಚಿಗೆ ನೀರಿನ ಅಳತಿನ ಬರದಿಲ್ಲಲ್ಲ’ ಎಂದರು. ಬರೆದುಕೊಳ್ಳಿ: ಒಂದು ಪಾಲು ನುಚ್ಚಿಗೆ ಐದು ಪಾಲು ನೀರು. ಮಂದಿ ಹೆಚ್ಚಾದರೆ ಇನ್ನೊಂದು ತಂಬಿಗೆ. ಭಾನುವಾರ ಬರುವಾಗ ತಟ್ಟೆ, ಚಾದರ ತನ್ನಿ.