ಹಡ್ಸನ್ ದಡದ ಕ್ಯಾಪ್ಟನ್ ಮೇಷ್ಟ್ರು

ನ್ಯೂಯಾರ್ಕಿನ 120ನೇ ಬೀದಿಯ ದಕ್ಷಿಣಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಮುಖ್ಯ ಆವರಣ, ಉತ್ತರಕ್ಕೆ ಅದರ ಟೀಚರ್ಸ್ ಕಾಲೇಜು. 1887ರಲ್ಲಿ ಹುಟ್ಟಿದ ಈ ಕಾಲೇಜು ಶಾಲಾ ಮೇಷ್ಟ್ರುಗಳನ್ನು ತಯಾರು ಮಾಡುವ ಜಾಗ ಎಂದಷ್ಟೇ ನಾನು ತಿಳಿದಿದ್ದೆ. ಅಲ್ಲಿ ಮನಶ್ಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಗ್ರಂಥಾಲಯದ ಮೂಲೆಯ ಮೇಜೊಂದನ್ನು ತೋರಿಸಿ, "ಚಿಕ್ಕಮ್ಮ, ಹೋದ ವರ್ಷ ಇಲ್ಲಿ ನನ್ನ ಪಕ್ಕ ಕೂತು ಓದ್ತಾ ಇದ್ದವರು ಮಿಲಿಟರಿ ಕ್ಯಾಪ್ಟನ್. ಅಫ್ಘಾನಿಸ್ತಾನ ನೋಡಿ ಬಂದವರು. ಪ್ರಬಂಧ ಕೊಡೋ ದಿನ ಬಂತು ಅಂದ್ರೆ ನನಗಿಂತ ಜಾಸ್ತಿ ಹೆದರೋರು" ಎಂದಳು.

ಬಂದೂಕು ಹಿಡಿದವರಿಗೆ ಇಲ್ಲೇನು ಕೆಲಸ? ಅವಳು ವಿವರಿಸಿದಳು. ಹಡ್ಸನ್ ನದಿಯ ಗುಂಟ ಸುಮಾರು ಎಂಬತ್ತು ಕಿಲೋಮೀಟರ್ ಉತ್ತರಕ್ಕೆ ಹೋದರೆ ವೆಸ್ಟ್ ಪಾಯಿಂಟ್, ಅಮೆರಿಕದ ಸೇನಾ ಅಕಾಡೆಮಿ. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆಡೆಟ್‌ಗಳು ಮೂವತ್ತಾರು ಕಂಪನಿಗಳಾಗಿ ಬದುಕುತ್ತಾರೆ. ಒಂದೊಂದು ಕಂಪನಿಗೂ ಒಬ್ಬ ಕ್ಯಾಪ್ಟನ್ ಅಥವಾ ಮೇಜರ್ ಇರುತ್ತಾರೆ. ಹುದ್ದೆಯ ಹೆಸರು ಟ್ಯಾಕ್ಟಿಕಲ್ ಆಫೀಸರ್, ಎಲ್ಲರ ಬಾಯಲ್ಲಿ 'ಟ್ಯಾಕ್'. ನಮ್ಮ ಖಡಕ್ವಾಸ್ಲಾದ ರಕ್ಷಣಾ ಅಕಾಡೆಮಿಯ ಡಿವಿಷನಲ್ ಆಫೀಸರ್ ಇದ್ದಂತೆ ಅನ್ನಿ. ಆ ಕುರ್ಚಿಯಲ್ಲಿ ಕೂರಿಸುವ ಮುಂಚೆ ಸೇನೆ ಅವರನ್ನು ಸುಮಾರು ಒಂದು ವರ್ಷ ಓದಲು ಬಿಡುತ್ತದೆ. ಕೆಲವು ಪಾಠ ವೆಸ್ಟ್ ಪಾಯಿಂಟಿನಲ್ಲಿ, ಕೆಲವು ಟೀಚರ್ಸ್ ಕಾಲೇಜಿನವರದು. ಕೊನೆಗೆ ಸಾಂಸ್ಥಿಕ ಮನಶ್ಶಾಸ್ತ್ರದಲ್ಲಿ ಎಂ.ಎ. ಪದವಿ. ಮನುಷ್ಯರು ಗುಂಪಾದಾಗ ಹೇಗೆ ನಡೆದುಕೊಳ್ಳುತ್ತಾರೆ, ಯಾರು ಯಾರ ಮಾತು ಕೇಳುತ್ತಾರೆ, ಏಕೆ ಕೇಳುವುದಿಲ್ಲ ಎಂಬುದೇ ಪಠ್ಯ. ಓದು ಮುಗಿದ ಮೇಲೆ ಎರಡು ವರ್ಷ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಕೆಲಸ.

ಆಜ್ಞೆ ಮಾಡುವುದೇ ಕಸುಬಾದವರು ಕೇಳಿಸಿಕೊಳ್ಳುವುದನ್ನು ಕಲಿಯಲು ಪದವಿ ಮಾಡುತ್ತಾರೆ ಎಂಬುದು ನನಗೆ ನಂಬಲಾಗದ ಸುದ್ದಿ. ಅವಳ ಪರಿಚಯದ ಕ್ಯಾಪ್ಟನ್ ಈಗ ಟ್ಯಾಕ್ ಆಗಿದ್ದಾರೆ, ಬಂದರೆ ವೆಸ್ಟ್ ಪಾಯಿಂಟ್ ತೋರಿಸುತ್ತೇನೆ ಎಂದಿದ್ದಾರೆ ಎಂದು ಅವಳು ಹೇಳಿದಾಗ ಬೇರೆಲ್ಲ ಕಾರ್ಯಕ್ರಮ ಬದಿಗಿಟ್ಟೆ.

ಹೊರಡುವ ಮುಂಚೆ ಅವಳು ಇನ್ನೊಂದು ಕಥೆ ಹೇಳಿದಳು. ಇಲ್ಲಿ ಸಾಮಾಜಿಕ ಮನಶ್ಶಾಸ್ತ್ರದ ಅಧ್ಯಯನವನ್ನು ಕಟ್ಟಿದವರು ಮಾರ್ಟನ್ ಡಾಯ್ಚ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ನ್ಯಾವಿಗೇಟರ್ ಆಗಿ ಜರ್ಮನಿಯ ಮೇಲೆ ಹಾರಿದ ಮನುಷ್ಯ. ಯುದ್ಧ ಮುಗಿದ ಮೇಲೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಶಿಷ್ಯರಾದರು, 1963ರಲ್ಲಿ ಈ ಕಾಲೇಜಿಗೆ ಬಂದರು, ಮುಂದಿನ ಬದುಕನ್ನೆಲ್ಲ ಜಗಳ ಹೇಗೆ ಹುಟ್ಟುತ್ತದೆ, ಹೇಗೆ ತಣಿಯುತ್ತದೆ ಎಂಬ ಒಂದೇ ವಿಷಯಕ್ಕೆ ಕೊಟ್ಟರು. ಬಾಂಬ್ ಹಾಕಿ ಬಂದವರು ಕಟ್ಟಿದ ಮನೆಗೆ ಈಗ ಯುದ್ಧದಿಂದ ಬಂದ ಕ್ಯಾಪ್ಟನ್‌ಗಳು ಪಾಠಕ್ಕೆ ಬರುತ್ತಾರೆ.

ಕ್ಯಾಪ್ಟನ್‌ಗಳ ಈ ಓದಿಗೆ ಇಟ್ಟಿರುವ ಹೆಸರು ಜನರಲ್ ಐಸೆನ್‌ಹೋವರ್‌ರದು. ಅವರು ವೆಸ್ಟ್ ಪಾಯಿಂಟಿನಿಂದ ಹೊರಬಿದ್ದದ್ದು 1915ರಲ್ಲಿ. ಆ ತಂಡದ 164 ಜನರಲ್ಲಿ 59 ಮಂದಿ ಜನರಲ್‌ಗಳಾದರು. ಐಸೆನ್‌ಹೋವರ್ ಓದಿನಲ್ಲಿ 61ನೆಯವರು, ಶಿಸ್ತಿನಲ್ಲಿ 125ನೆಯವರು! ಶಿಸ್ತು ಕಾಯುವ ಅಧಿಕಾರಿಗಳ ಓದಿಗೆ ಈ ಪುಣ್ಯಾತ್ಮರ ಹೆಸರೇ ಸಿಕ್ಕಿತೇ ಎಂದು ನಗು ಬಂತು. ಅದೇ 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಪಡೆದ ಭಾರತೀಯ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್. ಮುಂದೆ 1948ರಲ್ಲಿ ಐಸೆನ್‌ಹೋವರ್ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, 1952ರಲ್ಲಿ ಅದೇ ವಿಶ್ವವಿದ್ಯಾಲಯ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇಲ್ಲಿನ ಲೇಮನ್ ಗ್ರಂಥಾಲಯದಲ್ಲಿ ಬಾಬಾಸಾಹೇಬರ ಎದೆಮಟ್ಟದ ಪ್ರತಿಮೆ ಇದೆ. ಅದಕ್ಕೆ ಕೈಮುಗಿದೇ ರೈಲು ಹಿಡಿಯಲು ಹೋದೆವು.

ಹಾರ್ಲೆಮ್‌ನ 125ನೇ ಬೀದಿಯ ನಿಲ್ದಾಣದಿಂದ ಮೆಟ್ರೋ ನಾರ್ತ್ ರೈಲು. ಉತ್ತರಕ್ಕೆ ಹೋಗುವವರು ಎಡಗಡೆಯ ಕಿಟಕಿ ಹಿಡಿಯಬೇಕು. ಊರಿನ ಕಟ್ಟಡಗಳು ಸರಿದದ್ದೇ ತಡ, ಹಳಿ ನೀರಿನ ಅಂಚಿಗೇ ಇಳಿಯುತ್ತದೆ. ಎದುರು ದಡದಲ್ಲಿ ಪ್ಯಾಲಿಸೇಡ್ಸ್ ಎಂಬ ಕಡಿದಾದ ಬಂಡೆಗೋಡೆ. ಟ್ಯಾರಿಟೌನ್ ಬರುವಷ್ಟರಲ್ಲಿ ಹಡ್ಸನ್ ನಮ್ಮ ಶರಾವತಿ ಹಿನ್ನೀರಿನಂತೆ ಹರಡಿಕೊಂಡಿತು. ಆಸಿನಿಂಗ್‌ನಲ್ಲಿ ರೈಲು ಸಿಂಗ್ ಸಿಂಗ್ ಸೆರೆಮನೆಯ ಗೋಡೆಗಳ ನಡುವೆಯೇ ನುಗ್ಗಿ ಹೋಯಿತು. ಆಮೇಲೆ ಎರಡೂ ಕಡೆ ಬೆಟ್ಟ ಒತ್ತಿ ಬಂದು ನದಿ ಕಿರಿದಾಯಿತು, ಕಪ್ಪಾಯಿತು, ಆಳವಾಯಿತು. ಅಕ್ಟೋಬರ್ ತಿಂಗಳು. ಇಡೀ ಬೆಟ್ಟ ಕೆಂಪು, ಕಿತ್ತಳೆ, ಅರಿಶಿನ. ಫೋಟೊದಲ್ಲಿ ನೋಡಿದಾಗ ಬಣ್ಣ ಹೆಚ್ಚು ಮಾಡಿದ್ದಾರೆ ಅನ್ನಿಸುತ್ತಿತ್ತು. ಮಾಡಿಲ್ಲ.

ಗ್ಯಾರಿಸನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದಾಗ ಆಚೆ ದಡದಲ್ಲಿ ವೆಸ್ಟ್ ಪಾಯಿಂಟ್ ಕಂಡಿತು. ಬೂದು ಗ್ರಾನೈಟಿನ ಗೋಡೆಗಳು ನೀರಿನಿಂದಲೇ ಎದ್ದು, ಒಂದರ ಮೇಲೊಂದು ಬೆಟ್ಟ ಹತ್ತಿ, ತುದಿಯಲ್ಲಿ 1910ರ ಕೆಡೆಟ್ ಚಾಪೆಲ್‌ನ ಗೋಪುರವಾಗಿ ನಿಂತಿದ್ದವು. ಎದುರಿಗೇ ಇದ್ದರೂ ಅಲ್ಲಿಗೆ ಹೋಗಲು ದಕ್ಷಿಣದ ಬೇರ್ ಮೌಂಟನ್ ಸೇತುವೆ ಸುತ್ತಿ ಬರಬೇಕು. ಕ್ಯಾಪ್ಟನ್ ಕಾರಿನೊಂದಿಗೆ ಕಾದಿದ್ದರು. ಸಣಕಲು ಮೈ, ಮೆಲು ಮಾತು. "ವೆಲ್‌ಕಮ್, ಮೇಡಂ" ಎಂದು ನನ್ನ ಚೀಲ ತೆಗೆದುಕೊಂಡರು. ಸಂದರ್ಶಕರ ಕೇಂದ್ರದಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಒಳಗೆ ಹೋದೆವು.

ಟ್ರೋಫಿ ಪಾಯಿಂಟ್‌ನಲ್ಲಿ ನಿಂತರೆ ನದಿ ಬೆಟ್ಟಗಳ ಸಂದಿಯಲ್ಲಿ ತಿರುವು ತೆಗೆದುಕೊಳ್ಳುವುದು ಕಾಣುತ್ತದೆ. ಈ ತಿರುವಿನಲ್ಲಿ ಹಾಯಿಹಡಗು ವೇಗ ಕಳೆದುಕೊಳ್ಳಲೇಬೇಕು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1778ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಹಡಗುಗಳನ್ನು ತಡೆಯಲು ದಡದಿಂದ ಎದುರಿನ ದ್ವೀಪಕ್ಕೆ ಮರದ ದಿಮ್ಮಿಗಳ ಮೇಲೆ ಕಬ್ಬಿಣದ ಸರಪಳಿ ತೇಲಿಬಿಟ್ಟರು. ಅದರ ಕೆಲವು ಕೊಂಡಿಗಳು ಇಲ್ಲಿ ಉಳಿದಿವೆ. ಒಂದೊಂದೂ ನನ್ನ ತೊಡೆಯಷ್ಟು ಉದ್ದ. ಸರಪಳಿಯನ್ನು ಮುರಿಯಲು ಒಂದು ಹಡಗೂ ಬರಲಿಲ್ಲವಂತೆ. ಕೋಟೆಯಾಗಿದ್ದ ಈ ಜಾಗದಲ್ಲೇ 1802ರಲ್ಲಿ ಅಕಾಡೆಮಿ ಶುರುವಾಯಿತು.

ಮಧ್ಯಾಹ್ನ ಊಟಕ್ಕೆ ಮುನ್ನ ಕಂಪನಿಗಳು ಸಾಲುಗೂಡಿದವು. ಒಂದು ಕಂಪನಿಗೆ ಆಜ್ಞೆ ಕೊಡುತ್ತಿದ್ದವಳು ಹುಡುಗಿ. ಹೆಣ್ಣುಮಕ್ಕಳನ್ನು ಇಲ್ಲಿ ಸೇರಿಸಿಕೊಂಡದ್ದು 1976ರಲ್ಲಿ, ಅವರ ಮೊದಲ ತಂಡ ಹೊರಬಂದದ್ದು 1980ರಲ್ಲಿ. ನಾಲ್ಕು ಸಾವಿರ ಜನ ಒಂದೇ ಸೂರಿನಡಿ, ಹತ್ತು ಹತ್ತು ಜನರ ಮೇಜಿನಲ್ಲಿ, ಅರ್ಧ ಗಂಟೆಯೊಳಗೆ ಊಟ ಮುಗಿಸುತ್ತಾರಂತೆ. ಮೊದಲ ವರ್ಷದವರಿಗೆ 'ಪ್ಲೀಬ್' ಎಂದು ಹೆಸರು. ಮೇಜಿನವರಿಗೆಲ್ಲ ಬಡಿಸುವುದು, ಸಿಹಿಯನ್ನು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಸಮನಾಗಿ ಕತ್ತರಿಸುವುದು ಅವರ ಕೆಲಸ.

"ಬಂದ ಹೊಸದರಲ್ಲಿ ಪ್ಲೀಬ್ ಬಾಯಲ್ಲಿ ನಾಲ್ಕೇ ಉತ್ತರ" ಎಂದು ಕ್ಯಾಪ್ಟನ್ ಬೆರಳು ಮಡಿಸಿದರು. "ಹೌದು ಸರ್. ಇಲ್ಲ ಸರ್. ನೆಪ ಇಲ್ಲ ಸರ್. ಅರ್ಥವಾಗಲಿಲ್ಲ ಸರ್. ಒಂದು ವರ್ಷ ನಾನು ಕಲಿತದ್ದು ಏನು ಅಂದರೆ, ಈ ನಾಲ್ಕರಲ್ಲಿ ಯಾವುದರಿಂದಲೂ ಉತ್ತರಿಸಲಾಗದ ಪ್ರಶ್ನೆ ಕೇಳುವುದು."

ಈ ಮಾತಿಗೆ ನಾನು ನಡೆಯುತ್ತಿದ್ದವಳು ನಿಂತೇಬಿಟ್ಟೆ.

ಅವರ ಕಂಪನಿಯಲ್ಲಿ ನೂರಕ್ಕೂ ಹೆಚ್ಚು ಮಂದಿ. ಕೋಣೆಯ ತಪಾಸಣೆ, ಅಂಕಪಟ್ಟಿ, ತಂದೆಯ ಕಾಯಿಲೆ, ಮುರಿದ ಪ್ರೀತಿ ಎಲ್ಲವೂ ಅವರ ಮೇಜಿಗೆ ಬರುತ್ತವೆ. ಆದರೆ ಕಂಪನಿಯನ್ನು ದಿನನಿತ್ಯ ನಡೆಸುವುದು ಅವರಲ್ಲ, ಕೊನೆಯ ವರ್ಷದ ಕೆಡೆಟ್. ಆ ಹುಡುಗನೋ ಹುಡುಗಿಯೋ ತಪ್ಪು ಹಾದಿ ಹಿಡಿಯುವುದು ಇವರಿಗೆ ಮೊದಲೇ ಗೊತ್ತಾಗುತ್ತದೆ. ಯಾರಿಗೂ ಪೆಟ್ಟಾಗುವುದಿಲ್ಲ ಎಂದಾದರೆ ಸುಮ್ಮನಿರುತ್ತಾರೆ. "ಅಲ್ಲಿ ಯುದ್ಧದಲ್ಲಿ ಬಾಯಿ ಬಿಟ್ಟರೆ ಕೆಲಸ ಆಗುತ್ತಿತ್ತು. ಇಲ್ಲಿ ನಾನು ಬಾಯಿ ಬಿಟ್ಟರೆ ಅವರು ಕಲಿಯುವುದು ನಿಲ್ಲುತ್ತದೆ. ಮೊದಲ ತಿಂಗಳು ನಾಲಿಗೆ ಕಚ್ಚಿಕೊಂಡೇ ಇದ್ದೆ."

ರಾಬರ್ಟ್ ಕೀಗನ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರವನ್ನು ಅವರು ಬಹಳ ನೆಚ್ಚಿಕೊಂಡಿದ್ದಾರೆ. ಹದಿಹರೆಯ ದಾಟಿದ ಮೇಲೂ ಮನಸ್ಸಿನ ಬೆಳವಣಿಗೆ ನಿಲ್ಲುವುದಿಲ್ಲ ಎನ್ನುತ್ತಾರೆ ಕೀಗನ್. 'ನನಗೇನು ಸಿಗುತ್ತದೆ' ಎಂದು ಲೆಕ್ಕ ಹಾಕುವ ಹಂತ ಮೊದಲು. ಬಳಿಕ ತನ್ನವರು ಮೆಚ್ಚುವಂತೆ ನಡೆಯುವ ಹಂತ. ಆಮೇಲೆ, ಸಾಧ್ಯವಾದವರಿಗೆ, ತನ್ನದೇ ತಕ್ಕಡಿಯಲ್ಲಿ ತೂಗಿ ನಿರ್ಧರಿಸುವ ಹಂತ. ಈ ಅಳತೆ ಹಿಡಿದು ವೆಸ್ಟ್ ಪಾಯಿಂಟಿನ ಕೆಡೆಟ್‌ಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರೂ ಇದ್ದಾರೆ. ಸುಳ್ಳು ಹೇಳೆನು, ಮೋಸ ಮಾಡೆನು, ಕದಿಯೆನು, ಹಾಗೆ ಮಾಡುವವರನ್ನು ಸಹಿಸೆನು ಎಂಬುದು ಇಲ್ಲಿನ ಗೌರವ ಸಂಹಿತೆ. ಮೊದಲ ಮೂರು ಪಾಲಿಸಬಹುದು ಅನ್ನಿ. ಗೆಳೆಯನ ತಪ್ಪನ್ನು ಸಹಿಸದಿರುವುದು? ಗೆಳೆಯರ ಮೆಚ್ಚುಗೆಯೇ ಉಸಿರಾಗಿರುವ ವಯಸ್ಸಿನಲ್ಲಿ ಆ ನಾಲ್ಕನೆಯದು ಎಷ್ಟು ಭಾರವೆಂದು ತಿಳಿಯಲು ಮನಶ್ಶಾಸ್ತ್ರ ಬೇಕು ಎಂದರು.

ನನಗೊಂದು ಅನುಮಾನ. ಶಿಕ್ಷೆ ಕೊಡುವವರೂ ಇವರೇ. ತಪ್ಪು ಮಾಡಿದ ಕೆಡೆಟ್ ರಜೆಯ ದಿನ ಸಮವಸ್ತ್ರ ತೊಟ್ಟು, ಬಂದೂಕು ಹೊತ್ತು ಅಂಗಳದಲ್ಲಿ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯಬೇಕು. ನೂರು ಗಂಟೆ ನಡೆದವರಿಗೆ 'ಸೆಂಚುರಿ ಮ್ಯಾನ್' ಎಂಬ ಬಿರುದು ಬೇರೆ. "ನಡೆಸುವವರ ಹತ್ತಿರವೇ ಬಂದು ಯಾರಾದರೂ ಕಷ್ಟ ಹೇಳಿಕೊಳ್ಳುತ್ತಾರಾ?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಎಲ್ಲರೂ ಬರುವುದಿಲ್ಲ. ಶಿಕ್ಷೆ ನ್ಯಾಯವಾಗಿತ್ತು ಅನ್ನಿಸಿದವರು ಬರುತ್ತಾರೆ" ಎಂದರು. ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ಒಂದೇ ಕೈಯಲ್ಲಿ ಬೆತ್ತವನ್ನೂ ಕರವಸ್ತ್ರವನ್ನೂ ಹಿಡಿಯುವುದು ಎಷ್ಟು ಓದಿದರೂ ಸಲೀಸಾಗಲಾರದು. ಇಷ್ಟು ಮೃದುವಾಗಿ ಬೆಳೆಸಿದ ಮಕ್ಕಳನ್ನು ಕೊನೆಗೆ ಕಳುಹಿಸುವುದು ಎಲ್ಲಿಗೆ ಎಂಬ ಪ್ರಶ್ನೆಯೂ ಉಳಿಯಿತು. ಪದವಿ ಪಡೆದವರು ಕನಿಷ್ಠ ಐದು ವರ್ಷ ಸೇನೆಯಲ್ಲಿ ದುಡಿಯಲೇಬೇಕು.

ಪಥಸಂಚಲನದ ಬಯಲಿನ ಬಳಿ ಜನರಲ್ ಸೆಡ್ಜ್‌ವಿಕ್‌ರ ಪ್ರತಿಮೆ ಇದೆ. ಪರೀಕ್ಷೆಯ ಭಯವಿರುವ ಕೆಡೆಟ್ ನಡುರಾತ್ರಿ ಪೂರ್ಣ ಸಮವಸ್ತ್ರದಲ್ಲಿ ಬಂದು ಅದರ ಬೂಟಿನ ಮುಳ್ಳುಗಾಲಿ ತಿರುಗಿಸಿದರೆ ಪಾಸಾಗುತ್ತಾರೆಂಬ ನಂಬಿಕೆ. "ನಾನೂ ತಿರುಗಿಸಿದ್ದೆ" ಎಂದು ಕ್ಯಾಪ್ಟನ್ ಕಣ್ಣು ಮಿಟುಕಿಸಿದರು. ಇವರೂ ಇಲ್ಲೇ ಓದಿದವರು. "ಕೊಲಂಬಿಯಾದಲ್ಲಿ ಅಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು" ಎಂದು ಅಕ್ಕನ ಮಗಳು ನಕ್ಕಳು.

ಗ್ಯಾರಿಸನ್‌ಗೆ ಮರಳುವ ದಾರಿಯಲ್ಲಿ, ಇಲ್ಲಿ ತೇರ್ಗಡೆಯಾಗದೆ ಹೋದವರಲ್ಲಿ ಹೆಸರಾದವರು ಯಾರೂ ಇಲ್ಲವೇ ಎಂದು ಕೇಳಿದೆ. ಎಡ್ಗರ್ ಅಲನ್ ಪೋ ಎಂದರು. ಕವಿ ಕಥೆಗಾರ ಪೋ ಇಲ್ಲಿ ಕೆಡೆಟ್ ಆಗಿದ್ದರು. ಪಥಸಂಚಲನಕ್ಕೂ ತರಗತಿಗೂ ಹೋಗದೆ 1831ರಲ್ಲಿ ಸೇನಾ ನ್ಯಾಯಾಲಯದ ವಿಚಾರಣೆಯಾಗಿ ಹೊರಬಿದ್ದರು. "ನಿಮ್ಮ ಕಂಪನಿಯಲ್ಲಿ ಇದ್ದಿದ್ದರೆ?" ಎಂದೆ.

"ಬಹುಶಃ ಕೂರಿಸಿ ಮಾತಾಡಿಸಿ, ಹೇಗೋ ಪಾಸು ಮಾಡಿಸಿಬಿಡುತ್ತಿದ್ದೆ ಮೇಡಂ" ಎಂದು ಅವರು ಸೇತುವೆಯ ಕಡೆ ಕಾರು ತಿರುಗಿಸಿದರು. "ಸೇನೆಗೆ ಒಬ್ಬ ಕೆಟ್ಟ ಲೆಫ್ಟಿನೆಂಟ್ ಸಿಗುತ್ತಿದ್ದ, ನಿಮಗೆ ಓದಲು ಆ ಕಥೆಗಳು ಸಿಗುತ್ತಿರಲಿಲ್ಲ."