ಸುಮ್ಮನಿದ್ದವನ ಕಾಫಿ

ಡೊಂಬಿವಲಿಗೆ ಬಂದ ಮೇಲೂ ನಮ್ಮಿಬ್ಬರ ಜಗಳವೆಲ್ಲ ಊರಿನದೇ. ಹುಬ್ಬಳ್ಳಿಯ ಮನೆಗೆ ಎಷ್ಟು ದುಡ್ಡು ಕಳಿಸುವುದು, ಅಣ್ಣ ಅವಳನ್ನು ಅಂದ ಮಾತಿಗೆ ನಾನೇಕೆ ಉತ್ತರ ಕೊಡಲಿಲ್ಲ ಎಂಬುದು. ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದರೆ ಒಳ್ಳೆಯವನು ಅಂತ ತಿಳಿದಿದ್ದೆ. ಆಫೀಸು ಬಿಟ್ಟವನು ದಾದರಿನ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿ ತರಿಸಿಕೊಂಡು ಗಂಟೆಗಟ್ಟಲೆ ಕೂತು, ತಡವಾಗಿ ಮನೆ ಸೇರುತ್ತಿದ್ದೆ. ‘ಲೋಕಲ್ ರಶ್ಶು’ ಅನ್ನುವ ನೆಪ ಇದ್ದೇ ಇತ್ತು.

ಹಿಂದೆ ತ್ರಿವೇಣಿಯವರ ‘ಶರಪಂಜರ’ ಓದಿದಾಗ ಸತೀಶನ ಮೇಲೆ ಸಿಟ್ಟು ಬಂದಿತ್ತು. ಹುಚ್ಚು ವಾಸಿಯಾಗಿ ಬಂದ ಕಾವೇರಿಯನ್ನು ಕಟ್ಟಿಕೊಂಡ ಗಂಡನೇ ನಂಬಲಿಲ್ಲವಲ್ಲ! ನಾನು ಅಂಥವನಲ್ಲ ಎಂಬ ಸಮಾಧಾನವೂ ಇತ್ತು. 2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಆ ಸಮಾಧಾನವನ್ನು ಕೆಡಿಸಿತು. ಅದರಲ್ಲಿ ಕತೆ ಹೇಳುವ ಗಂಡ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಹೆಂಡತಿ ಅನಿತಾ ಮನೆಯವರ ಅನ್ಯಾಯವನ್ನು ಎತ್ತಿ ಆಡಿದರೆ ತಾನು ಮಾತ್ರ ಬಾಯಿ ಬಿಡುವುದಿಲ್ಲ. ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ಬಿಡಿಸಲಾಗದ ಗೋಜಲಿಗೆ ಅನಿತಾಳ ತವರಿನವರು ಇಟ್ಟುಕೊಂಡ ಮಾತು ಆ ಹೆಸರು. ಲೋಕಲಿನಲ್ಲಿ ಓದುತ್ತಿದ್ದವನಿಗೆ ಠಾಣೆ ದಾಟಿದ್ದೇ ತಿಳಿಯಲಿಲ್ಲ.

ಮರುದಿನ ದಾದರಿನಲ್ಲಿ ನಿಲ್ಲದೆ ನೆಟ್ಟಗೆ ಮನೆಗೆ ಹೋದೆ. ಬಾಗಿಲು ತೆಗೆದವಳು, “ಯಾಕ್ರಿ, ಇವತ್ತ ಕಾಫಿ ಕುಡೀಲಿಲ್ಲೇನು?” ಅಂದಳು.

ಅವಳಿಗೆ ಎಲ್ಲ ಗೊತ್ತಿತ್ತು!

ಚಪ್ಪಲಿ ಬಿಟ್ಟವನೇ ಅವಳ ಎದುರಿಗೇ ಅಣ್ಣನಿಗೆ ಫೋನು ಮಾಡಿದೆ. ಎಂದೋ ಆಡಬೇಕಿದ್ದ ಮಾತು. ಆಡುವಾಗ ದನಿ ನಡುಗಿತು. ಅವಳು ಏನೂ ಅನ್ನಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.