ಎತ್ತರದ ಜೀಪು, ಗಿಡ್ಡ ಶಾಫ್ಟು

ಜೀಪನ್ನು ಎತ್ತರಿಸುವುದು ಒಂದು ದಿನದ ಕೆಲಸ. ಎತ್ತರಿಸಿದ ಜೀಪು ನೆಮ್ಮದಿಯಿಂದ ಓಡುವಂತೆ ಮಾಡುವುದು ಒಂದು ತಿಂಗಳ ಕೆಲಸ. ಬಳ್ಳಾರಿಗೂ ಚಳ್ಳಕೆರೆಗೂ ನಡುವಣ ಹೆದ್ದಾರಿಯ ಮೇಲಿರುವ ನಮ್ಮ ರಾಂಪುರದಲ್ಲಿ ಈ ಮಾತಿಗೆ ಮೊದಲು ನಕ್ಕವನು ನನ್ನ ತಮ್ಮನ ಮಗ. ಕಲ್ಲುಗುಡ್ಡ ಹತ್ತುವ, ಕೆಸರಿನ ಹಳ್ಳ ದಾಟುವ ಜೀಪು ಸ್ಪರ್ಧೆಗಳ ಹುಚ್ಚು ಅವನಿಗೆ. ಮನೆಯ ಹಳೆಯ ಮಹೀಂದ್ರ ಎಂ.ಎಂ. 540 ಜೀಪಿನ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನಗಳಾಗಿದ್ದವು.

"ದೊಡ್ಡಪ್ಪ, ಮೂರಂಗುಲ ಎತ್ತರಿಸಿಬಿಡೋಣ" ಎಂದ.

ನಾನು ಒಪ್ಪಲಿಲ್ಲ. ಆ ಜೀಪು ಆಟಿಕೆಯಲ್ಲ. ಶೇಂಗಾ ಮೂಟೆಗಳನ್ನು ತರುವುದೂ ಅದೇ, ಮಳೆಗಾಲದ ರಾತ್ರಿ ಹೊಲದಾಚೆಯ ಹಟ್ಟಿಯಿಂದ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಎಂಬತ್ತು ದಾಟಿದ ನನ್ನ ತಾಯಿ ಈಗಲೇ ಅದಕ್ಕೆ ಹತ್ತಲು ಮೊರದಷ್ಟಗಲದ ಕಲ್ಲೊಂದನ್ನು ಇಡಿಸಿಕೊಳ್ಳುತ್ತಾರೆ. ಸಾಲದುದಕ್ಕೆ ಕಾನೂನೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಸ್ಪಷ್ಟಪಡಿಸಿತು. ಕೊನೆಗೆ ಹುಡುಗನು ಗುಜರಿಗೆ ಹೊರಟಿದ್ದ ಒಂದು ಸಿ.ಜೆ. 3ಬಿ ಜೀಪನ್ನು ತನ್ನ ಉಳಿತಾಯದಿಂದ ಕೊಂಡು ತಂದ. ಅದು ರಸ್ತೆಗಿಳಿಯಬಾರದು, ಸ್ಪರ್ಧೆಯ ಬಯಲಿಗೆ ಲಾರಿಯ ಮೇಲೆಯೇ ಹೋಗಬೇಕು ಎಂಬ ಕರಾರಿನ ಮೇಲೆ ನಾನೂ ಅವನ ಜೊತೆ ಕೈ ಕೊಳೆ ಮಾಡಿಕೊಳ್ಳಲು ಒಪ್ಪಿದೆ.

ಇಲ್ಲಿ ಓದುಗರಿಗೆ ಒಂದು ಸಂಗತಿಯನ್ನು ತಿಳಿಸಬೇಕು. ಇಂಥ ಜೀಪಿನಲ್ಲಿ ಎಡಬಲದ ಗಾಲಿಗಳನ್ನು ಜೋಡಿಸುವ ಅಚ್ಚು ಒಂದೇ ಅಖಂಡ ತೊಲೆ. ಅದರ ನಡುವೆ ಕ್ರೌನು-ಪಿನಿಯನ್ನುಗಳ ಗುಂಡನೆಯ ಹೌಸಿಂಗು. ಹೆಚ್ಚು ಬಾಗುಳ್ಳ ಕಮಾನು ಪಟ್ಟೆ ಕಟ್ಟಿದರೆ ಜೀಪಿನ ಮೈ ಮೇಲೇಳುತ್ತದೆಯೇ ಹೊರತು ಹೌಸಿಂಗು ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಏರಿಸುವುದು ದೊಡ್ಡ ಟೈರು ಮಾತ್ರ. ಅದೂ ಟೈರಿನ ವ್ಯಾಸ ಎರಡಂಗುಲ ಹೆಚ್ಚಿದರೆ ನೆಲದಿಂದ ಒಂದಂಗುಲ. ಮೈಯನ್ನು ಎತ್ತುವುದು ಆ ಟೈರಿಗೆ ಜಾಗ ಮಾಡಿಕೊಡಲು. ಹೀಗೆ ಗೇರುಪೆಟ್ಟಿಗೆ ಮೇಲೆ ಹೋಗಿ ಅಚ್ಚು ಕೆಳಗುಳಿದಾಗ, ಇವೆರಡರ ನಡುವಣ ತಿರುಗುವ ದಂಡ, ಎಂದರೆ ಪ್ರೊಪೆಲ್ಲರ್ ಶಾಫ್ಟು, ಅಕ್ಕಪಕ್ಕದವರ ಜಗಳದ ನಡುವೆ ಸಿಕ್ಕ ಬಡಪಾಯಿಯಂತಾಗುತ್ತದೆ.

ಶಾಫ್ಟಿನ ಎರಡು ತುದಿಗಳಲ್ಲೂ ನಮ್ಮ ಮೇಸ್ತ್ರಿಗಳು 'ಕ್ರಾಸು' ಎಂದು ಕರೆಯುವ ಶಿಲುಬೆಯಾಕಾರದ ಕೀಲುಗಳಿವೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳು ಈ ಕೀಲಿಗೆ ಅಂಟಿಕೊಂಡಿವೆ. ಮೋಟಾರಿಗೆ ಒಗ್ಗುವಂತೆ ಅದಕ್ಕೆ ಕವಚ ತೊಡಿಸಿ 1903ರಲ್ಲಿ ಪೇಟೆಂಟು ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಈ ಕೀಲಿಗೊಂದು ದುರ್ಗುಣವಿದೆ. ಓರೆಯಾಗಿ ತಿರುಗುವಾಗ, ಒಂದು ಕಡೆ ಸಮವೇಗದಲ್ಲಿ ಒಳಹೊಕ್ಕ ತಿರುವು ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ನಿಧಾನವಾಗಿ, ಎರಡು ಸಲ ಚುರುಕಾಗಿ ಹೊರಬರುತ್ತದೆ. ಕೋನ ಹೆಚ್ಚಿದಷ್ಟೂ ಈ ಕುಂಟಾಟ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಎರಡು ಕೀಲುಗಳ ನಡುವೆ ಅಡ್ಡಲಾಗಿ 20 ಅಂಗುಲ, ಇಳಿಜಾರು 3 ಅಂಗುಲವಿದ್ದರೆ ಶಾಫ್ಟಿನ ಓರೆ ಸುಮಾರು ಎಂಟೂವರೆ ಡಿಗ್ರಿ. ಜೀಪನ್ನು ಮೂರಂಗುಲ ಎತ್ತಿದಿರೋ, ಅದು ಹದಿನಾರೂವರೆ ದಾಟುತ್ತದೆ. ತಿರುವಿನ ವೇಗ ನೂರಕ್ಕೆ ನಾಲ್ಕರಷ್ಟು ಹಿಂದೆ ಮುಂದೆ ತೂಗತೊಡಗುತ್ತದೆ. 30 ಅಂಗುಲದ ಅಂತರವಾದರೆ ಅದೇ ಎತ್ತರಕ್ಕೆ ಓರೆ ಹನ್ನೊಂದು ಡಿಗ್ರಿ ಚಿಲ್ಲರೆ ಮಾತ್ರ. ಗಿಡ್ಡ ಜೀಪಿನ ಗಿಡ್ಡ ಹಿಂಶಾಫ್ಟಿಗೇ ಮೊದಲು ಕೇಡು ಬರುವುದು ಇದರಿಂದ.

ಹುಡುಗನ ಎಣಿಕೆ ಬೇರೆಯಿತ್ತು. ಲಾರಿಯೊಂದರ ದಪ್ಪನೆಯ ಶಾಫ್ಟನ್ನು ಕತ್ತರಿಸಿ ಹಾಕಿದರೆ ಆಯಿತೆಂದು ಅವನು ನಂಬಿದ್ದ. ಬಳ್ಳಾರಿಯ ವೃದ್ಧ ಮೇಸ್ತ್ರಿಯೊಬ್ಬರು ಬೀಡಿ ಆರಿಸಿ ಹೇಳಿದರು: "ತೋಳು ದಪ್ಪಾದ್ರೆ ಏನು ಬಂತಪ್ಪಾ? ಮೊಣಕೈ ಬಾಗಬೇಕಲ್ಲ!" ಆಮೇಲೆ ಜೀಪನ್ನು ಕುದುರೆಗಳ ಮೇಲೆ ನಿಲ್ಲಿಸಿ, ಗಾಲಿಗಳನ್ನು ಪೂರ್ತಿ ಜೋಲುಬಿಟ್ಟು ಅಳೆದರು. ನಿಂತ ನೆಲದ ಮೇಲೆ ತೆಗೆದ ಅಳತೆ ಅರ್ಧ ಸತ್ಯ. ಎತ್ತಿದ್ದರಿಂದಲೇ ಮುಕ್ಕಾಲಂಗುಲಕ್ಕೆ ಹತ್ತಿರ ಉದ್ದ ಬೇಕಾಗುತ್ತದೆ. ಗಾಲಿ ಹಳ್ಳಕ್ಕೆ ಇಳಿದು ಇನ್ನೂ ಮೂರಂಗುಲ ಜೋತರೆ ಮತ್ತೊಂದಂಗುಲ. ಶಾಫ್ಟಿನ ಜಾರುಹಲ್ಲುಗಳು ಆಗಲೂ ಕಚ್ಚಿಕೊಂಡಿರಬೇಕು. ಕಮಾನು ಪೂರ್ತಿ ಅದುಮಿದಾಗ ತಳಕ್ಕೆ ಗುದ್ದಲೂಬಾರದು. ಜೋತ ಸ್ಥಿತಿಯಲ್ಲಿ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಯೋಕಿನ ಕಿವಿಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ನೋಡಿದರು. ತಾಗಿದವು. ಹುಡುಗನ ಮುಖ ಬಾಡಿತು.

ಪರಿಹಾರಗಳಲ್ಲಿ ಒಂದೂ ಪುಕ್ಕಟೆಯಲ್ಲ. ಗೇರುಪೆಟ್ಟಿಗೆಯನ್ನು ಬಿಲ್ಲೆ ಕೊಟ್ಟು ಇಳಿಸಿದರೆ ಓರೆ ತಗ್ಗುತ್ತದೆ, ಆದರೆ ಗಳಿಸಿದ ಎತ್ತರವನ್ನು ಹೊಟ್ಟೆಯಡಿಯಲ್ಲಿ ಹಿಂದಿರುಗಿಸಿದಂತಾಗುತ್ತದೆ. ಒಂಟಿ ಕ್ರಾಸುಗಳನ್ನೇ ಉಳಿಸಿಕೊಂಡರೆ ಎರಡು ತುದಿಯ ಕೋನಗಳು ಸಮವಾಗಿರಬೇಕು, ಶಾಫ್ಟಿನ ಎರಡೂ ಯೋಕುಗಳು ಒಂದೇ ಸಾಲಿನಲ್ಲಿ ಕೂತಿರಬೇಕು; ಆಗ ಒಂದರ ಕುಂಟನ್ನು ಇನ್ನೊಂದು ಸರಿದೂಗಿಸುತ್ತದೆ. ಮೇಲ್ತುದಿಗೆ ಜೋಡಿ ಕ್ರಾಸಿನ ಕೀಲು ಹಾಕಿಸಿದರೆ ದೊಡ್ಡ ಓರೆಯನ್ನು ಅದು ಹಂಚಿಕೊಳ್ಳುತ್ತದೆ. ಆದರೆ ಆಗ ಕಮಾನಿಗೂ ಅಚ್ಚಿಗೂ ನಡುವೆ ಕಬ್ಬಿಣದ ಬೆಣೆ ಕೊಟ್ಟು ಪಿನಿಯನ್ನಿನ ಮೂತಿಯನ್ನು ಶಾಫ್ಟಿನತ್ತ ಎತ್ತಬೇಕು, ಎಳೆತದಲ್ಲಿ ಅದು ತಾನೇ ಇನ್ನಷ್ಟು ಏಳುವುದರಿಂದ ಒಂದೆರಡು ಡಿಗ್ರಿ ತಗ್ಗಾಗಿಯೇ ಬಿಡಬೇಕು. ಮೇಲಾಗಿ ಜೋಡಿ ಕೀಲು ತಾನೇ ಅಂಗುಲಗಟ್ಟಲೆ ಜಾಗ ನುಂಗಿ, ಮೊದಲೇ ಗಿಡ್ಡವಾದ ಶಾಫ್ಟನ್ನು ಮತ್ತೂ ಗಿಡ್ಡ ಮಾಡುತ್ತದೆ.

ಬಹಳ ಚರ್ಚೆಯಾಯಿತು. ನನ್ನ ಮಾತಿಗೆ ಮೇಸ್ತ್ರಿಗಳ ಬೆಂಬಲ ಸಿಕ್ಕಿ, ಮೂರಂಗುಲದ ಹಟ ಎರಡಕ್ಕೆ ಇಳಿಯಿತು. ಆ ಒಂದಂಗುಲ ಬಿಟ್ಟುದರಿಂದ ಒಂಟಿ ಕ್ರಾಸುಗಳೇ ಸಾಕಾದವು. ಉದ್ದನೆಯ ಜಾರುಹಲ್ಲಿನ ತುದಿ ಬೆಸೆಸಿ, ಲೇತಿನ ಮೇಲೆ ನೇರ ನೋಡಿಸಿ, ತೂಕ ಸರಿಮಾಡಿಸಿದೆವು. ಬೆಸುಗೆ ಒಂದಿಷ್ಟು ಓರೆಯಾದರೂ ವೇಗದಲ್ಲಿ ಇಡೀ ಜೀಪು ಜ್ವರ ಬಂದಂತೆ ನಡುಗುತ್ತದೆ.

ಇನ್ನೊಂದು ಕೆಲಸವನ್ನು ನಾನು ಪಟ್ಟುಹಿಡಿದು ಮಾಡಿಸಿದೆ. ಶಾಫ್ಟಿನ ಮುಂತುದಿಯ ಸುತ್ತ ಚಾಸಿಸ್ಸಿಗೆ ಬಿಗಿದ ಕಬ್ಬಿಣದ ಬಳೆ. ಓಟದ ನಡುವೆ ಹಿಂಶಾಫ್ಟಿನ ಮುಂತುದಿ ಕಳಚಿ ಬಿದ್ದರೆ ಅದು ನೆಲಕ್ಕೆ ಹಾರೆಯಂತೆ ನಾಟಿ ಜೀಪನ್ನೇ ಹಿಂದಿನಿಂದ ಎತ್ತಿಬಿಡಬಹುದು. ಪರಿಚಿತ ತರುಣನೊಬ್ಬನ ಜೀಪಿನಲ್ಲಿ ಹಾಗೆ ಕಳಚಿದ ಶಾಫ್ಟು ತಳದ ತಗಡನ್ನು ಸೀಳಿ ಅವನ ಕಾಲಿನ ಪಕ್ಕಕ್ಕೇ ಬಂದು ನಿಂತದ್ದನ್ನು ನಾನು ಕಂಡಿದ್ದೇನೆ. ಆ ಬಳೆಯ ಬೆಲೆ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ. ಆದರೂ ಟೈರಿಗೆ ಸಾಲ ಮಾಡುವ ಹುಡುಗರು ಬಳೆಗೆ ಜಿಪುಣರಾಗುವುದೇಕೋ ತಿಳಿಯದು.

ಮುಂದಿನ ಶಾಫ್ಟಿನ ಕೆಲಸ ಇನ್ನೂ ಬಾಕಿಯಿದೆ. ಅಲ್ಲಿ ಬೆಣೆ ಕೊಟ್ಟು ಮೂತಿ ಎತ್ತಿದರೆ ಗಾಲಿಗಳ ತಿರುಗಣಿಯ ಹಿಂಬಾಗು ಕಡಿಮೆಯಾಗಿ, ಸ್ಟಿಯರಿಂಗು ಹಿಡಿತ ಬಿಟ್ಟು ಜೀಪು ಅತ್ತಿತ್ತ ಅಲೆಯುತ್ತದೆ. ಎತ್ತದಿದ್ದರೆ ಕ್ರಾಸಿಗೆ ಸಂಕಟ. ಮೇಸ್ತ್ರಿಗಳು ಯೋಚಿಸಿ ಹೇಳುತ್ತೇನೆಂದಿದ್ದಾರೆ. ಹುಡುಗನೂ ಈ ವರ್ಷದ ಶೇಂಗಾ ಮಾರಿ ಕೈಗೆ ಕಾಸು ಬರಲೆಂದು ಕಾಯುತ್ತಿದ್ದಾನೆ.